ಸೈಬರ್-ಭೌತಿಕ ವ್ಯವಸ್ಥೆಗಳ ಅಭಿವೃದ್ಧಿಯಲ್ಲಿ ರೂಪನಿಷ್ಠ ವಿಧಾನ ಮತ್ತು ಸಹ-ಸಿಮ್ಯುಲೇಶನ್‌ಗಳ ಸಂಯೋಜನೆ

ಪೀಠಿಕೆ

ಗಣಕಯಂತ್ರದ ತಂತ್ರಾಂಶವು ನೀರು, ವಿದ್ಯುತ್ತು, ಚಕ್ರ, ಕವಾಟ, ವಿಮಾನದ ರೆಕ್ಕೆ ಮುಂತಾದ ಭೌತಿಕ ವಸ್ತುಗಳನ್ನು ನೇರವಾಗಿ ನಿಯಂತ್ರಿಸುವ ವ್ಯವಸ್ಥೆಗೆ ಸೈಬರ್-ಭೌತಿಕ ವ್ಯವಸ್ಥೆ ಎಂದು ಹೆಸರು. ಚಾಲಕನಿಲ್ಲದೆ ಓಡುವ ಮೆಟ್ರೊ ರೈಲು, ವಿದ್ಯುತ್ ಸಂಕೇತಗಳಿಂದ ಹಾರಾಟ ನಿಯಂತ್ರಿಸುವ ವಿಮಾನ, ನಗರದ ನೀರು ಸರಬರಾಜು ಜಾಲದ ದೂರನಿಯಂತ್ರಣ, ಆಸ್ಪತ್ರೆಯಲ್ಲಿ ಔಷಧವನ್ನು ಹನಿಹನಿಯಾಗಿ ನೀಡುವ ಪಂಪು ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಈ ಪದಪುಂಜವನ್ನು 2006ರ ಸುಮಾರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹೆಲೆನ್ ಗಿಲ್ ಅವರು ಬಳಕೆಗೆ ತಂದರು. ನಾರ್ಬರ್ಟ್ ವೀನರ್ ಅವರು ‘ಸೈಬರ್ನೆಟಿಕ್ಸ್’ ಎಂಬ ಹೆಸರನ್ನು ರೂಪಿಸಿದಾಗ ಆಧಾರವಾಗಿರಿಸಿಕೊಂಡ ಗ್ರೀಕ್ ಪದಕ್ಕೆ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ಆದ್ದರಿಂದ ‘ಸೈಬರ್’ ಎಂಬುದನ್ನು ಇಲ್ಲಿ ಅಂತರಜಾಲಕ್ಕೆ ಸಂಬಂಧಿಸಿದ ಪದವೆಂದು ಭಾವಿಸದೆ, ನಿಯಂತ್ರಣ ಎಂಬ ಮೂಲಾರ್ಥದಲ್ಲಿ ಗ್ರಹಿಸತಕ್ಕದ್ದು.

ಇಂತಹ ವ್ಯವಸ್ಥೆಗಳನ್ನು ಪೂರೈಸುವ ಸಂಸ್ಥೆಗಳು ಸಾಮಾನ್ಯವಾಗಿ ಎರಡು ಬಗೆಯ ಭರವಸೆ ನೀಡುತ್ತವೆ. ‘ತಂತ್ರಾಂಶವು ಸರಿಯೆಂದು ಗಣಿತದ ಮೂಲಕ ಸಾಧಿಸಲಾಗಿದೆ’ ಎಂಬುದು ಒಂದು. ‘ಇಡೀ ವ್ಯವಸ್ಥೆಯನ್ನು ಸಿಮ್ಯುಲೇಶನ್‌ನಲ್ಲಿ ಪರೀಕ್ಷಿಸಲಾಗಿದೆ’ ಎಂಬುದು ಇನ್ನೊಂದು. ಈ ಎರಡು ಮಾತುಗಳ ಬೆಲೆ ಬೇರೆ ಬೇರೆ. ಯಾವುದೊಂದೂ ಮತ್ತೊಂದರ ಸ್ಥಾನವನ್ನು ತುಂಬಲಾರದು. ಇವೆರಡನ್ನೂ ಒಂದಕ್ಕೊಂದು ಬೆಸೆದು ಬಳಸುವ ಕ್ರಮದ ಬಗ್ಗೆ ವಿದ್ಯಾರ್ಥಿಗಳು, ಸ್ಥಳೀಯ ಸಂಸ್ಥೆಗಳ ಅಭಿಯಂತರರು ಹಾಗೂ ಆಸಕ್ತ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

ರೂಪನಿಷ್ಠ ವಿಧಾನ ಎಂದರೇನು?

‘ಫಾರ್ಮಲ್ ಮೆಥಡ್ಸ್’ ಎಂದು ತಜ್ಞರು ಕರೆಯುವ ಗಣಿತಾಧಾರಿತ ವಿಧಾನಗಳನ್ನು ಈ ಲೇಖನದಲ್ಲಿ ರೂಪನಿಷ್ಠ ವಿಧಾನಗಳು ಎಂದು ಕರೆಯಲಾಗಿದೆ. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ರೇಖಾಗಣಿತ ಕಲಿತವರಿಗೆ ಇದರ ಸ್ವರೂಪ ಅಪರಿಚಿತವಲ್ಲ. ಅಲ್ಲಿ ಪ್ರತಿ ಪ್ರಮೇಯವನ್ನೂ ‘ದತ್ತ’, ‘ಸಾಧನೀಯ’, ‘ಸಾಧನೆ’ ಎಂಬ ಶೀರ್ಷಿಕೆಗಳಡಿ ಬರೆಯುವುದು ವಾಡಿಕೆ. ಕೊಟ್ಟಿರುವ ಸಂಗತಿಗಳು ದತ್ತ. ಸ್ಥಾಪಿಸಬೇಕಾದ ಸಂಗತಿ ಸಾಧನೀಯ. ಒಂದರಿಂದ ಇನ್ನೊಂದಕ್ಕೆ ತರ್ಕದ ಮೂಲಕ ಸಾಗುವ ದಾರಿ ಸಾಧನೆ. ರೂಪನಿಷ್ಠ ವಿಧಾನದಲ್ಲಿಯೂ ತಂತ್ರಾಂಶದ ವರ್ತನೆಯನ್ನು ನಿಖರವಾದ ಗಣಿತ ಭಾಷೆಯಲ್ಲಿ ಬರೆದು, ‘ತೊಟ್ಟಿ ಎಂದಿಗೂ ತುಂಬಿ ಹರಿಯದು’, ‘ರೈಲು ಚಲಿಸುತ್ತಿರುವಾಗ ಬಾಗಿಲು ತೆರೆಯದು’ ಎಂಬಂತಹ ಸಾಧನೀಯಗಳನ್ನು ಸ್ಥಾಪಿಸಲಾಗುತ್ತದೆ. ಸಾಧನೆಯ ಬಹುಭಾಗವನ್ನು ಇಂದು ಗಣಕಯಂತ್ರವೇ ನಿರ್ವಹಿಸುತ್ತದೆ.

ಐಬಿಎಂ ಸಂಸ್ಥೆಯ ವಿಯೆನ್ನಾ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ‘ವಿಡಿಎಂ’ ಹಾಗೂ ಫ್ರಾನ್ಸಿನ ಜಾನ್-ರೇಮಂಡ್ ಅಬ್ರಿಯಲ್ ಅವರು ರೂಪಿಸಿದ ‘ಬಿ’ ವಿಧಾನ ಈ ಬಗೆಯವು. ಸಾಧನೆಯ ಬದಲು ವ್ಯವಸ್ಥೆಯು ತಲುಪಬಹುದಾದ ಎಲ್ಲ ಸ್ಥಿತಿಗಳನ್ನೂ ಗಣಕಯಂತ್ರದಿಂದ ಶೋಧಿಸುವ ‘ಮಾಡೆಲ್ ಚೆಕಿಂಗ್’ ಎಂಬ ಕ್ರಮವೂ ಇದೆ. ಅದನ್ನು ಬೆಳೆಸಿದ ಎಡ್ಮಂಡ್ ಕ್ಲಾರ್ಕ್, ಅಲೆನ್ ಎಮರ್ಸನ್ ಮತ್ತು ಜೋಸೆಫ್ ಸಿಫಾಕಿಸ್ ಅವರಿಗೆ 2007ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಇವು ಕೇವಲ ವಿಶ್ವವಿದ್ಯಾಲಯಗಳ ಅಭ್ಯಾಸಗಳಲ್ಲ. ಪ್ಯಾರಿಸ್ ನಗರದಲ್ಲಿ 1998ರ ಅಕ್ಟೋಬರ್‌ನಲ್ಲಿ ಆರಂಭವಾದ ಮೆಟ್ರೊ 14ನೇ ಮಾರ್ಗದಲ್ಲಿ ರೈಲುಗಳು ಚಾಲಕರಿಲ್ಲದೆ ಓಡುತ್ತವೆ. ಅದರ ಸುರಕ್ಷತಾ ತಂತ್ರಾಂಶವನ್ನು ‘ಬಿ’ ವಿಧಾನದಲ್ಲಿ ಬರೆದು, ಸಾಧಿಸಿ, ಅದರಿಂದಲೇ ಸುಮಾರು 86,000 ಸಾಲುಗಳ ಅಂತಿಮ ಕ್ರಮವಿಧಿಯನ್ನು ಪಡೆಯಲಾಯಿತು. ವಿಮಾನಗಳ ತಂತ್ರಾಂಶಕ್ಕೆ ಅನ್ವಯಿಸುವ ಡಿಒ-178ಸಿ ಎಂಬ ಮಾನಕಕ್ಕೆ 2011ರಲ್ಲಿ ರೂಪನಿಷ್ಠ ವಿಧಾನಗಳ ಕುರಿತಾದ ಡಿಒ-333 ಎಂಬ ಪ್ರತ್ಯೇಕ ಪೂರಕ ಗ್ರಂಥವನ್ನೇ ಹೊರತರಲಾಗಿದೆ.

ದತ್ತವು ತಪ್ಪಿದಾಗ

ಸಾಧನೆ ಎಷ್ಟೇ ನಿರ್ದುಷ್ಟವಾಗಿದ್ದರೂ ಅದು ದತ್ತಕ್ಕೆ ಅಧೀನ. ಶಾಲೆಯ ಪ್ರಮೇಯದಲ್ಲಿ ದತ್ತವನ್ನು ಪ್ರಶ್ನಿಸುವಂತಿಲ್ಲ. ಪುಸ್ತಕವು ಕೊಟ್ಟಿದೆ, ಅಷ್ಟೆ. ಸೈಬರ್-ಭೌತಿಕ ವ್ಯವಸ್ಥೆಯಲ್ಲಿ ದತ್ತವನ್ನು ಕೊಡುವುದು ಗಾಳಿ, ನೀರು, ಘರ್ಷಣೆ, ವಿಳಂಬ. ಅವು ನಮ್ಮ ಬರವಣಿಗೆಗೆ ಬದ್ಧವಾಗಿರುವುದಿಲ್ಲ.

1993ರ ಸೆಪ್ಟೆಂಬರ್ 14ರಂದು ಪೋಲೆಂಡಿನ ವಾರ್ಸಾ ವಿಮಾನ ನಿಲ್ದಾಣದಲ್ಲಿ ಲುಫ್ತಾನ್ಸಾ ಸಂಸ್ಥೆಯ ಏರ್‌ಬಸ್ ಎ320 ವಿಮಾನವು ಮಳೆಯಲ್ಲಿ ಇಳಿಯಿತು. ವಿಮಾನವು ನೆಲ ಮುಟ್ಟಿದೆ ಎಂದು ಖಚಿತವಾಗದೆ ರೆಕ್ಕೆಯ ಮೇಲಿನ ತಡೆಫಲಕಗಳೂ ಎಂಜಿನ್ನಿನ ಹಿಮ್ಮುಖ ಒತ್ತಡವೂ ಕಾರ್ಯಪ್ರವೃತ್ತವಾಗದಂತೆ ತಂತ್ರಾಂಶವನ್ನು ರೂಪಿಸಲಾಗಿತ್ತು. ಆಕಾಶದಲ್ಲಿರುವಾಗ ಇವು ತೆರೆದುಕೊಂಡರೆ ಅನಾಹುತವಾಗುವುದರಿಂದ ಈ ನಿರ್ಬಂಧ ವಿವೇಕದ್ದೇ ಆಗಿತ್ತು. ತಡೆಫಲಕಗಳು ತೆರೆದುಕೊಳ್ಳಲು ಎರಡೂ ಮುಖ್ಯ ಚಕ್ರಸ್ತಂಭಗಳ ಮೇಲೆ ತಲಾ 6.3 ಟನ್ ಭಾರ ಬಿದ್ದಿರಬೇಕು, ಇಲ್ಲವೇ ಚಕ್ರಗಳು 72 ನಾಟ್‌ಗೆ ಮೀರಿದ ವೇಗದಲ್ಲಿ ಉರುಳುತ್ತಿರಬೇಕು ಎಂದು ವಿಧಿಸಲಾಗಿತ್ತು. ಹಿಮ್ಮುಖ ಒತ್ತಡಕ್ಕೆ ಮೊದಲನೆಯ ಷರತ್ತು ಕಡ್ಡಾಯ. ಅಡ್ಡಗಾಳಿಯನ್ನು ನಿರೀಕ್ಷಿಸಿದ್ದ ಚಾಲಕರು ವಿಮಾನವನ್ನು ವಾಲಿಸಿ ಇಳಿಸಿದ್ದರಿಂದ ಬಲಚಕ್ರ ಮೊದಲು ನೆಲ ಮುಟ್ಟಿತು. ಎಡಚಕ್ರ ಮುಟ್ಟಲು ಸುಮಾರು 9 ಸೆಕೆಂಡು ಬೇಕಾಯಿತು. ಓಡುದಾರಿಯ ಮೇಲೆ ನಿಂತಿದ್ದ ನೀರಿನ ಪದರದ ಮೇಲೆ ಜಾರಿದ ಚಕ್ರಗಳು ಉರುಳಲೂ ಇಲ್ಲ. ಷರತ್ತುಗಳೆರಡೂ ಪೂರೈಕೆಯಾಗದೆ ತಂತ್ರಾಂಶವು ತನಗೆ ಹೇಳಿದಂತೆಯೇ ಕಾಯಿತು. ವಿಮಾನ ಓಡುದಾರಿಯ ಕೊನೆಯನ್ನು ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಇಬ್ಬರು ಮೃತಪಟ್ಟರು.

ಈ ಪ್ರಕರಣದಲ್ಲಿ ತಂತ್ರಾಂಶದಲ್ಲಿ ದೋಷವಿರಲಿಲ್ಲ ಎಂಬುದನ್ನು ಗಮನಿಸಬೇಕು. ಬರೆದುಕೊಟ್ಟ ಷರತ್ತುಗಳಿಗೆ ಅದು ಅಕ್ಷರಶಃ ಬದ್ಧವಾಗಿತ್ತು. ಅದನ್ನು ‘ಬಿ’ ವಿಧಾನದಲ್ಲಿ ಸಾಧಿಸಿದ್ದರೂ ಸಾಧನೆ ಯಶಸ್ವಿಯಾಗುತ್ತಿತ್ತು. ಕೊರತೆ ಇದ್ದುದು ‘ನೆಲ ಮುಟ್ಟಿದ ವಿಮಾನದ ಎರಡೂ ಸ್ತಂಭಗಳ ಮೇಲೆ ಬೇಗನೆ ಭಾರ ಬೀಳುತ್ತದೆ, ಇಲ್ಲವೇ ಚಕ್ರ ಉರುಳುತ್ತದೆ’ ಎಂಬ ದತ್ತದಲ್ಲಿ.

ಇದಕ್ಕೆ ಸಮೀಪದ ಉದಾಹರಣೆಯೊಂದು ನಮ್ಮಲ್ಲಿಯೇ ಇದೆ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನ ಮೇಲೆ ಇಳಿಯುವಾಗ ವಿಫಲವಾಯಿತು. ಅದರ ಕಾರಣಗಳನ್ನು ಅಂದಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಅವರು 2023ರ ಜುಲೈನಲ್ಲಿ ಸಾರ್ವಜನಿಕವಾಗಿ ವಿವರಿಸಿದರು. ಐದು ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚಿನ ಒತ್ತಡ ನೀಡಿದುದರಿಂದ ವ್ಯತ್ಯಾಸಗಳು ಒಂದರ ಮೇಲೊಂದು ಕೂಡುತ್ತ ಹೋದವು. ಅದನ್ನು ಸರಿಪಡಿಸಲು ನೌಕೆ ಶೀಘ್ರವಾಗಿ ತಿರುಗಬೇಕಾದಾಗ ಅಷ್ಟು ವೇಗದ ತಿರುವನ್ನು ನಿರೀಕ್ಷಿಸದೆ ತಂತ್ರಾಂಶದಲ್ಲಿ ಮಿತಿಯನ್ನು ಇರಿಸಲಾಗಿತ್ತು. ಇಳಿಯಲು ಗುರುತಿಸಿದ ಸ್ಥಳವೂ 500 ಮೀಟರ್ ಉದ್ದಗಲದ ಕಿರಿದಾದ ಜಾಗವಾಗಿತ್ತು. ಮೂರೂ ದತ್ತಕ್ಕೆ ಸಂಬಂಧಿಸಿದ ಸಂಗತಿಗಳು. ಚಂದ್ರಯಾನ-3ರಲ್ಲಿ ಆ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು. ಸಂವೇದಕಗಳನ್ನು ಹೆಲಿಕಾಪ್ಟರಿನಲ್ಲಿಯೂ, ಸಂವೇದಕ, ಎಂಜಿನ್ ಮತ್ತು ಮಾರ್ಗದರ್ಶಕ ತಂತ್ರಾಂಶಗಳನ್ನು ಒಟ್ಟಾಗಿ ಗೋಪುರ ಕ್ರೇನಿಗೆ ತೂಗುಹಾಕಿಯೂ ಪರೀಕ್ಷಿಸಲಾಯಿತು. 2023ರ ಆಗಸ್ಟ್ 23ರಂದು ಅದು ಯಶಸ್ವಿಯಾಗಿ ಇಳಿಯಿತು.

ಸಹ-ಸಿಮ್ಯುಲೇಶನ್

ಭೌತಿಕ ವಸ್ತುವಿನ ವರ್ತನೆಯನ್ನು ಸಮೀಕರಣಗಳ ಮೂಲಕ ಗಣಕಯಂತ್ರದಲ್ಲಿ ಅನುಕರಿಸಿ ನೋಡುವುದೇ ಸಿಮ್ಯುಲೇಶನ್. ಸೈಬರ್-ಭೌತಿಕ ವ್ಯವಸ್ಥೆಯ ವಿಷಯದಲ್ಲಿ ಎದುರಾಗುವ ತೊಡಕೆಂದರೆ, ಅದರ ಭಾಗಗಳು ಬೇರೆ ಬೇರೆ ಗಣಿತಕ್ಕೆ ಸೇರಿದವು. ನೀರಿನ ಮಟ್ಟ ಸತತವಾಗಿ ಬದಲಾಗುತ್ತದೆ. ಅದಕ್ಕೆ ಅವಕಲ ಸಮೀಕರಣಗಳು ಬೇಕು. ನಿಯಂತ್ರಕ ತಂತ್ರಾಂಶವು ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ. ಅದಕ್ಕೆ ತರ್ಕ ಬೇಕು. ಯಂತ್ರಶಾಸ್ತ್ರದವರು ಒಂದು ಸಾಧನವನ್ನೂ ತಂತ್ರಾಂಶದವರು ಇನ್ನೊಂದು ಸಾಧನವನ್ನೂ ಬಳಸುತ್ತಾರೆ. ಎಲ್ಲವನ್ನೂ ಒಂದೇ ಸಾಧನಕ್ಕೆ ತರಲು ಹೊರಟರೆ ಒಬ್ಬರಲ್ಲ ಒಬ್ಬರು ತಮಗೆ ಬಾರದ ಭಾಷೆಯಲ್ಲಿ ಬರೆಯಬೇಕಾಗುತ್ತದೆ.

ಸಹ-ಸಿಮ್ಯುಲೇಶನ್‌ನಲ್ಲಿ ಪ್ರತಿಯೊಂದು ಮಾದರಿಯೂ ತನ್ನ ತನ್ನ ಸಾಧನದಲ್ಲಿಯೇ ಉಳಿಯುತ್ತದೆ. ನಿಗದಿತ ಕಾಲಾಂತರಗಳಲ್ಲಿ ಅವು ತಮ್ಮ ಬೆಲೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಎರಡು ವಿನಿಮಯಗಳ ನಡುವಿನ ಅವಧಿಗೆ ಕಾಲಹೆಜ್ಜೆ ಎನ್ನಬಹುದು. ಯಾವ ಮಾದರಿ ಯಾವಾಗ ಎಷ್ಟು ಮುಂದೆ ಸಾಗಬೇಕು, ಯಾವ ಬೆಲೆ ಯಾರಿಗೆ ತಲುಪಬೇಕು ಎಂದು ನಿರ್ಧರಿಸುವ ಕ್ರಮವಿಧಿಯನ್ನು ತಜ್ಞರು ‘ಮಾಸ್ಟರ್’ ಎನ್ನುತ್ತಾರೆ. ಸೂತ್ರಧಾರ ಎಂಬ ನಮ್ಮ ಪದ ಅದಕ್ಕೆ ಸರಿಹೊಂದುತ್ತದೆ.

ಬೇರೆ ಬೇರೆ ಸಂಸ್ಥೆಗಳ ಸಾಧನಗಳು ಹೀಗೆ ಕೂಡಿ ನಡೆಯಬೇಕಾದರೆ ಸಮಾನ ನಿಯಮ ಬೇಕು. 2008ರಿಂದ 2011ರವರೆಗೆ ಯುರೋಪಿನಲ್ಲಿ ನಡೆದ ‘ಮಾಡೆಲಿಸಾರ್’ ಯೋಜನೆಯಲ್ಲಿ, ಮುಖ್ಯವಾಗಿ ಮೋಟಾರು ವಾಹನ ಉದ್ಯಮದ ಅಗತ್ಯಕ್ಕಾಗಿ, ‘ಎಫ್‌ಎಂಐ’ ಎಂಬ ಮುಕ್ತ ಮಾನಕವನ್ನು ರೂಪಿಸಲಾಯಿತು. ಅದರ ಮೊದಲ ಆವೃತ್ತಿ 2010ರಲ್ಲಿ, ಎರಡನೆಯದು 2014ರಲ್ಲಿ, ಮೂರನೆಯದು 2022ರಲ್ಲಿ ಪ್ರಕಟವಾದವು. ಮಾಡೆಲಿಕಾ ಸಂಘವು ಇದನ್ನು ನಿರ್ವಹಿಸುತ್ತಿದೆ. ಈ ಮಾನಕದಂತೆ ಒಂದು ಮಾದರಿಯನ್ನು ‘ಎಫ್‌ಎಂಯು’ ಎಂಬ ಒಂದೇ ಕಡತವಾಗಿ ಕಟ್ಟಲಾಗುತ್ತದೆ. ಅದರೊಳಗೆ ಮಾದರಿಯ ವಿವರಣಾ ಪಟ್ಟಿ ಮತ್ತು ಅದನ್ನು ನಡೆಸುವ ಕ್ರಮವಿಧಿ ಇರುತ್ತವೆ. ಮೂಲ ಬರಹವನ್ನು ಬಹಿರಂಗಪಡಿಸದೆಯೂ ಮಾದರಿಯನ್ನು ಹಂಚಿಕೊಳ್ಳಬಹುದಾದ್ದರಿಂದ ಉದ್ಯಮಗಳು ಇದನ್ನು ಬೇಗನೆ ಸ್ವೀಕರಿಸಿದವು.

ಕೆಲವು ಭಾಗಗಳು ಮಾದರಿಯಾಗಿರದೆ ನಿಜವಾದ ಯಂತ್ರವೇ ಆಗಿರುವ ಪರೀಕ್ಷಾ ಕ್ರಮ ಇದಕ್ಕೂ ಹಳೆಯದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಲಘು ಯುದ್ಧವಿಮಾನವನ್ನು ಸಹಜ ಸ್ಥಿರತೆ ಇಲ್ಲದಂತೆಯೇ ವಿನ್ಯಾಸಗೊಳಿಸಲಾಗಿದೆ. ಗಣಕಯಂತ್ರದ ನಿರಂತರ ನಿಯಂತ್ರಣವಿಲ್ಲದೆ ಅದು ಹಾರಲಾರದು. ಅದಕ್ಕಾಗಿ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ‘ಐರನ್ ಬರ್ಡ್’ ಎಂಬ ಪರೀಕ್ಷಾ ಸ್ಥಾವರವನ್ನು ನಿರ್ಮಿಸಲಾಯಿತು. ನಿಜವಾದ ನಿಯಂತ್ರಣ ಗಣಕಗಳನ್ನೂ ದ್ರವಚಾಲಿತ ಯಂತ್ರಾಂಗಗಳನ್ನೂ ವಿಮಾನದ ಗಣಿತ ಮಾದರಿಗೆ ಜೋಡಿಸಿ ನೆಲದ ಮೇಲೆಯೇ ‘ಹಾರಿಸುವುದು’ ಅದರ ಉದ್ದೇಶ.

ಮನೆಯ ಮೇಲಿನ ತೊಟ್ಟಿ: ಒಂದು ಲೆಕ್ಕ

ಈ ಎರಡು ಕ್ರಮಗಳು ಹೇಗೆ ಕೂಡುತ್ತವೆ ಎಂಬುದನ್ನು ಎಲ್ಲರಿಗೂ ಪರಿಚಿತವಾದ ಸಂಪು ಮತ್ತು ಮೇಲಿನ ತೊಟ್ಟಿಯ ಉದಾಹರಣೆಯಿಂದ ತಿಳಿಯಬಹುದು. ನೀರಿನ ತೊಟ್ಟಿಯು ಈ ಕ್ಷೇತ್ರದ ಪಠ್ಯಗಳಲ್ಲಿಯೂ ರೂಢಿಯಲ್ಲಿರುವ ಉದಾಹರಣೆಯೇ. ಕೆಳಗಿನ ಅಂಕಿಗಳನ್ನು ವಿವರಣೆಗಾಗಿ ಮಾತ್ರ ಆರಿಸಿಕೊಳ್ಳಲಾಗಿದೆ.

ತೊಟ್ಟಿಯ ಸಾಮರ್ಥ್ಯ 1,000 ಲೀಟರ್. ಮೋಟಾರು ನಿಮಿಷಕ್ಕೆ 40 ಲೀಟರ್ ನೀರೆತ್ತುತ್ತದೆ. ನಿಯಂತ್ರಕವು ನಿಮಿಷಕ್ಕೊಮ್ಮೆ ಮಟ್ಟವನ್ನು ಓದುತ್ತದೆ. 950 ಲೀಟರ್ ಅಥವಾ ಹೆಚ್ಚು ಕಂಡರೆ ಮೋಟಾರನ್ನು ನಿಲ್ಲಿಸುತ್ತದೆ. ತೊಟ್ಟಿ ತುಂಬಿ ಹರಿಯದು ಎಂಬುದು ಸಾಧನೀಯ. ಸಾಧನೆ ಸರಳ: ಒಮ್ಮೆ ಓದಿದಾಗ ಮಟ್ಟವು 950ಕ್ಕೆ ಕೂದಲೆಳೆಯಷ್ಟು ಕಡಿಮೆ ಇದ್ದು ಮೋಟಾರು ಮುಂದುವರಿದರೂ, ಮುಂದಿನ ಓದಿನ ಹೊತ್ತಿಗೆ ಅದು 990ನ್ನು ಮುಟ್ಟುವುದಿಲ್ಲ. ಆಗ ಮೋಟಾರು ನಿಲ್ಲುತ್ತದೆ. 10 ಲೀಟರ್ ಉಳಿತಾಯವಿದೆ.

ಈ ಸಾಧನೆಯಲ್ಲಿ ಬರೆಯದೇ ಬಿಟ್ಟ ದತ್ತಗಳು ಎಷ್ಟಿವೆ ನೋಡಿ. ಹರಿವು ಎಂದಿಗೂ 40 ಲೀಟರ್ ಮೀರದು. ಒಂದು ಓದೂ ತಪ್ಪಿಹೋಗದು. ಆಜ್ಞೆಯಾದ ಕ್ಷಣವೇ ಮೋಟಾರು ನಿಲ್ಲುತ್ತದೆ. ಸಂವೇದಕ ಸುಳ್ಳು ಹೇಳದು. ರೂಪನಿಷ್ಠ ವಿಧಾನದ ನಿಜವಾದ ಉಪಕಾರ ಇಲ್ಲಿಯೇ ಇದೆಯೆಂದು ಹೇಳಬಹುದು: ದತ್ತವನ್ನು ಬರೆಯದೆ ಸಾಧನೆಯನ್ನು ಪೂರ್ಣಗೊಳಿಸಲು ಗಣಕಯಂತ್ರ ಒಪ್ಪುವುದಿಲ್ಲ. ಬರೆದ ಮೇಲೆ ದೊರೆಯುವ ನಿಯಮ ಇಷ್ಟು. ನಿಲುಗಡೆಯ ಗುರುತಿಗೆ, ಓದಿನ ಅಂತರ ಮತ್ತು ನಿಲ್ಲುವ ವಿಳಂಬಗಳ ಮೊತ್ತವನ್ನು ಗರಿಷ್ಠ ಹರಿವಿನಿಂದ ಗುಣಿಸಿ ಕೂಡಿಸಿದರೆ, ಅದು ತೊಟ್ಟಿಯ ಸಾಮರ್ಥ್ಯವನ್ನು ಮೀರಬಾರದು. ನಮ್ಮ ಅಂಕಿಗಳಲ್ಲಿ ಇದರ ಅರ್ಥ, ನಿಲ್ಲುವ ವಿಳಂಬ 15 ಸೆಕೆಂಡು ಮೀರಬಾರದು.

ಈಗ ಸಿಮ್ಯುಲೇಶನ್ನಿನ ಕೆಲಸ ಆರಂಭವಾಗುತ್ತದೆ. ಮೋಟಾರು, ಕೊಳವೆ ಮತ್ತು ಸಂಪಿನ ಭೌತಿಕ ಮಾದರಿಯನ್ನು ನಿಯಂತ್ರಕದ ಮಾದರಿಯೊಡನೆ ಜೋಡಿಸಿ ನಡೆಸಿದರೆ, ವೋಲ್ಟೇಜು ಚೆನ್ನಾಗಿದ್ದು ಸಂಪು ತುಂಬಿದ್ದಾಗ ಹರಿವು 55 ಲೀಟರಿಗೆ ಏರುತ್ತದೆಂದು ಕಂಡುಬರಬಹುದು. ಆಗ 950ಕ್ಕೆ 55 ಸೇರಿ 1,005, ತೊಟ್ಟಿ ಹರಿಯುತ್ತದೆ. ಒಂದು ಓದು ತಪ್ಪಿದರೆ 40 ಲೀಟರ್ ಹರಿವಿನಲ್ಲಿಯೂ ಮಟ್ಟ 1,030 ಮುಟ್ಟಬಹುದು. ಸಾಧನೆ ಸುಳ್ಳಾಗಲಿಲ್ಲ, ಅದರ ದತ್ತ ಮುರಿಯಿತು. ಸಹ-ಸಿಮ್ಯುಲೇಶನ್ನನ್ನು ಎಲ್ಲೆಡೆ ಗುರಿಯಿಲ್ಲದೆ ನಡೆಸದೆ, ಸಾಧನೆಯು ಬರೆಸಿಕೊಂಡ ಒಂದೊಂದು ದತ್ತವನ್ನೂ ಮುರಿಯಲು ಯತ್ನಿಸುವಂತೆ ನಡೆಸುವುದೇ ಈ ಸಂಯೋಜನೆಯ ಸಾರ. ಮುರಿದ ದತ್ತವನ್ನು ತಿದ್ದಿ ಮತ್ತೆ ಸಾಧಿಸಬೇಕು. ಸಾಧಿಸಿದ್ದನ್ನು ಮತ್ತೆ ಪರೀಕ್ಷಿಸಬೇಕು. ಗುರುತನ್ನು 900ಕ್ಕೆ ಇಳಿಸಿದರೆ 55 ಲೀಟರಿನ ಹರಿವೂ ಸುರಕ್ಷಿತ, ತಪ್ಪಿದ ಒಂದು ಓದೂ ಸುರಕ್ಷಿತ. ಆದರೆ ಎರಡೂ ಒಟ್ಟಿಗೆ ಬಂದರೆ 1,010.

ಈ ಹುಡುಕಾಟವನ್ನು ಯಂತ್ರಕ್ಕೇ ವಹಿಸುವ ಕ್ರಮಗಳೂ ಇವೆ. ಓಡೆಡ್ ಮಾಲರ್ ಮತ್ತು ಡೆಯಾನ್ ನಿಚ್ಕೊವಿಚ್ ಅವರು 2004ರಲ್ಲಿ ಮಂಡಿಸಿದ ‘ಸಿಗ್ನಲ್ ಟೆಂಪೊರಲ್ ಲಾಜಿಕ್’ ಎಂಬ ತರ್ಕಭಾಷೆಯಲ್ಲಿ ನಿಯಮವನ್ನು ಬರೆಯಬಹುದು. ಅದರ ಮೇಲೆ ಬೆಳೆದ ಅಳತೆಗಳ ನೆರವಿನಿಂದ, ನಿಯಮ ಪಾಲನೆಯಾಯಿತೇ ಇಲ್ಲವೇ ಎಂಬುದಷ್ಟೇ ಅಲ್ಲದೆ, ಉಲ್ಲಂಘನೆಗೆ ಎಷ್ಟು ಸಮೀಪ ಬಂದಿತ್ತು ಎಂಬುದನ್ನೂ ಸಂಖ್ಯೆಯಾಗಿ ಪಡೆಯಬಹುದು. ಆ ಸಂಖ್ಯೆ ಕುಗ್ಗುವ ದಿಕ್ಕಿನಲ್ಲಿ ಮುಂದಿನ ಪ್ರಯೋಗವನ್ನು ನಡೆಸುತ್ತ ಹೋದರೆ, ಅಡಗಿದ್ದ ಅಪಾಯ ಬೇಗ ಹೊರಬೀಳುತ್ತದೆ.

ಸೂತ್ರಧಾರನ ತಪ್ಪು

ಸಹ-ಸಿಮ್ಯುಲೇಶನ್ನಿನ ಫಲಿತಾಂಶವನ್ನು ಪ್ರಕೃತಿಯ ಮಾತೆಂದೇ ನಂಬುವುದು ಈ ಕ್ಷೇತ್ರದಲ್ಲಿ ಹೆಚ್ಚಾಗಿ ಕಂಡುಬರುವ ಎಡವಟ್ಟು. ಅದೇ ತೊಟ್ಟಿಯನ್ನು 2 ನಿಮಿಷಗಳ ಕಾಲಹೆಜ್ಜೆಯಲ್ಲಿ ನಡೆಸಿದರೆ, 950ಕ್ಕೆ ತುಸು ಕಡಿಮೆ ಇದ್ದ ಮಟ್ಟ ಮುಂದಿನ ವಿನಿಮಯದ ವೇಳೆಗೆ 1,030ರ ಸಮೀಪದಲ್ಲಿರುತ್ತದೆ. ನಿಜವಾದ ತೊಟ್ಟಿ ಹರಿಯದಿದ್ದರೂ ಗಣಕದ ತೊಟ್ಟಿ ಹರಿಯುತ್ತದೆ.

ಕಾಲಹೆಜ್ಜೆ 1 ನಿಮಿಷವೇ ಆಗಿದ್ದರೂ ತೊಡಕು ತಪ್ಪದು. ತೊಟ್ಟಿಯನ್ನು ಮೊದಲು ಮುಂದೆ ನಡೆಸಿ, ಅದರ ಹೊಸ ಮಟ್ಟವನ್ನು ನಿಯಂತ್ರಕಕ್ಕೆ ಕೊಟ್ಟು ಬಳಿಕ ಅದನ್ನು ನಡೆಸಿದರೆ, ಮೋಟಾರು 990ರೊಳಗೆ ನಿಲ್ಲುತ್ತದೆ. ಇಬ್ಬರನ್ನೂ ಹೆಜ್ಜೆಯ ಆರಂಭದ ಹಳೆಯ ಬೆಲೆಗಳ ಮೇಲೆ ಏಕಕಾಲಕ್ಕೆ ನಡೆಸಿದರೆ, ನಿಯಂತ್ರಕದ ಆಜ್ಞೆ ಒಂದು ಹೆಜ್ಜೆ ತಡವಾಗಿ ತಲುಪಿ ಇನ್ನೂ 40 ಲೀಟರ್ ಸೇರುತ್ತದೆ. ಮಾದರಿಗಳೆರಡೂ ಒಂದೇ, ಅಂಕಿಗಳೂ ಒಂದೇ. ಸೂತ್ರಧಾರ ಕರೆದ ಸರದಿ ಮಾತ್ರ ಬೇರೆ. ಫಲಿತಾಂಶ ಒಂದರಲ್ಲಿ ‘ಸುರಕ್ಷಿತ’, ಇನ್ನೊಂದರಲ್ಲಿ ‘ಅಪಾಯ’.

ಇದಕ್ಕಿಂತ ಗಂಭೀರವಾದುದು ಇದರ ವಿಲೋಮ, ಅಂದರೆ ನಿಜವಾಗಿ ನಡೆಯುವ ಘಟನೆ ಎರಡು ವಿನಿಮಯಗಳ ನಡುವೆ ನುಸುಳಿಹೋಗುವುದು. ನಾಸಾ ಸಂಸ್ಥೆಯ ಮಾರ್ಸ್ ಪೋಲಾರ್ ಲ್ಯಾಂಡರ್ ನೌಕೆ 1999ರ ಡಿಸೆಂಬರ್ 3ರಂದು ಮಂಗಳ ಗ್ರಹದಲ್ಲಿ ಇಳಿಯುವಾಗ ನಾಶವಾಯಿತು. ಮಡಚಿದ್ದ ಕಾಲುಗಳು ಎತ್ತರದಲ್ಲಿ ತೆರೆದುಕೊಂಡಾಗ ಉಂಟಾದ ಕ್ಷಣಿಕ ಸಂಕೇತವನ್ನು ನೆಲ ಮುಟ್ಟಿದ ಸಂಕೇತವೆಂದು ತಂತ್ರಾಂಶವು ದಾಖಲಿಸಿಕೊಂಡು, ಸುಮಾರು 40 ಮೀಟರ್ ಎತ್ತರದಲ್ಲಿ ಆ ದಾಖಲೆಯನ್ನು ನಂಬಿ ಎಂಜಿನ್ನನ್ನು ನಿಲ್ಲಿಸಿರುವುದೇ ಅತ್ಯಂತ ಸಂಭವನೀಯ ಕಾರಣವೆಂದು ತನಿಖೆಯು ತೀರ್ಮಾನಿಸಿತು. ಆ ಸಂಕೇತದ ಆಯುಷ್ಯ ಕೆಲವೇ ಮಿಲಿಸೆಕೆಂಡುಗಳದ್ದು. ಅದಕ್ಕಿಂತ ದೊಡ್ಡ ಕಾಲಹೆಜ್ಜೆಯ ಸಹ-ಸಿಮ್ಯುಲೇಶನ್ ಸಾವಿರ ಬಾರಿ ನಡೆದರೂ ಅದನ್ನು ಕಾಣಲಾರದು.

ಆದುದರಿಂದ ಸೂತ್ರಧಾರ ಕ್ರಮವಿಧಿಯನ್ನೂ ರೂಪನಿಷ್ಠ ವಿಧಾನಕ್ಕೆ ಒಳಪಡಿಸುವುದು ಅಗತ್ಯವಾಯಿತು. ಕರೆಯುವ ಸರದಿ ಬದಲಾದರೂ ಫಲಿತಾಂಶ ಬದಲಾಗದಿರಲು ಎಫ್‌ಎಂಯುಗಳಿಗೆ ಯಾವ ಗುಣಗಳಿರಬೇಕು ಎಂಬುದನ್ನು ಡೇವಿಡ್ ಬ್ರೋಮನ್, ಎಡ್ವರ್ಡ್ ಲೀ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಶ್ಲೇಷಿಸಿದರು. ಹೆಜ್ಜೆಯ ನಡುವೆ ಘಟನೆಯೊಂದು ಸಂಭವಿಸಿದೆಯೆಂದು ತಿಳಿದರೆ ಹಿಂದಕ್ಕೆ ಸರಿದು ಚಿಕ್ಕ ಹೆಜ್ಜೆ ಇಡಬೇಕಾಗುತ್ತದೆ. ಅದಕ್ಕೆ ಮಾದರಿಯು ತನ್ನ ಹಿಂದಿನ ಸ್ಥಿತಿಯನ್ನು ಮರಳಿ ಪಡೆಯಬಲ್ಲದ್ದಾಗಿರಬೇಕು. ಎಫ್‌ಎಂಐ ಎರಡನೆಯ ಆವೃತ್ತಿ ಇದಕ್ಕೆ ಅವಕಾಶ ನೀಡಿದೆಯಾದರೂ ಕಡ್ಡಾಯಗೊಳಿಸಿಲ್ಲ. ಖರೀದಿಸುವವರು ವಿಚಾರಿಸಬೇಕಾದ ಅಂಶ ಇದು.

ಎಲ್ಲವನ್ನೂ ಸಾಧಿಸಿಬಿಡಬಾರದೇಕೆ ಎಂದು ಕೇಳುವವರಿರಬಹುದು. ಸತತ ಚಲನೆ ಮತ್ತು ತರ್ಕದ ಹೆಜ್ಜೆಗಳೆರಡೂ ಬೆರೆತ ವ್ಯವಸ್ಥೆ ಅಪಾಯದ ಸ್ಥಿತಿಯನ್ನು ತಲುಪುತ್ತದೆಯೇ ಎಂಬ ಪ್ರಶ್ನೆಯನ್ನು ಸಾರ್ವತ್ರಿಕವಾಗಿ ಬಿಡಿಸಬಲ್ಲ ಕ್ರಮವಿಧಿ ಇರಲು ಸಾಧ್ಯವೇ ಇಲ್ಲವೆಂದು 1990ರ ದಶಕದಲ್ಲಿಯೇ ಗಣಿತಜ್ಞರು ತೋರಿಸಿದ್ದಾರೆ. ನಿರ್ದಿಷ್ಟ ವ್ಯವಸ್ಥೆಗಳಿಗೆ ಮಾತ್ರ, ಪರಿಣತರ ಶ್ರಮದಿಂದ, ಇದು ಸಾಧ್ಯ.

ಒಟ್ಟಿಗೆ ತಂದ ಪ್ರಯತ್ನಗಳು

ವಿಡಿಎಂ ಭಾಷೆಯ ನಿಯಂತ್ರಕ ಮಾದರಿಯನ್ನು ‘20-ಸಿಮ್’ ಎಂಬ ಸಾಧನದ ಭೌತಿಕ ಮಾದರಿಯೊಡನೆ ಜೋಡಿಸುವ ಕೆಲಸವನ್ನು 2010ರಿಂದ 2012ರವರೆಗೆ ನಡೆದ ಐರೋಪ್ಯ ಒಕ್ಕೂಟದ ‘ಡೆಸ್ಟೆಕ್ಸ್’ ಯೋಜನೆ ಕೈಗೊಂಡಿತು. ಅದರ ಮುಂದುವರಿಕೆ ಎನ್ನಬಹುದಾದ ‘ಇಂಟು-ಸಿಪಿಎಸ್’ ಯೋಜನೆ 2015ರಿಂದ 2017ರವರೆಗೆ ನಡೆಯಿತು. ಡೆನ್ಮಾರ್ಕಿನ ಆರ್ಹಸ್ ಮತ್ತು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯಗಳು ಇದರಲ್ಲಿ ಪ್ರಮುಖವಾಗಿದ್ದವು. ಎಫ್‌ಎಂಐ ಮಾನಕವನ್ನು ಆಧಾರವಾಗಿ ಬಳಸಿದ ಈ ಯೋಜನೆಯಲ್ಲಿ ರೈಲ್ವೆ, ಕೃಷಿ ಯಂತ್ರ, ಕಟ್ಟಡಗಳ ಹವಾನಿಯಂತ್ರಣ ಮತ್ತು ಮೋಟಾರು ವಾಹನ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಪ್ರಯೋಗಗಳು ನಡೆದವು.

ಭಾರತದಲ್ಲಿ ಕೇಂದ್ರ ಸಚಿವ ಸಂಪುಟವು 2018ರ ಡಿಸೆಂಬರ್‌ನಲ್ಲಿ ಸೈಬರ್-ಭೌತಿಕ ವ್ಯವಸ್ಥೆಗಳ ರಾಷ್ಟ್ರೀಯ ಮಿಷನ್ನಿಗೆ 3,660 ಕೋಟಿ ರೂಪಾಯಿಗಳ ಅನುಮೋದನೆ ನೀಡಿತು. ಇದರಡಿ ದೇಶದ ವಿವಿಧ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 25 ತಂತ್ರಜ್ಞಾನ ಕೇಂದ್ರಗಳನ್ನು ಸ್ಥಾಪಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿಷಯಕ್ಕೆ ಮೀಸಲಾದ ಸಂಶೋಧನಾ ಕೇಂದ್ರವೊಂದು 2011ರಲ್ಲಿಯೇ ಆರಂಭವಾಗಿತ್ತು.

ಸ್ಥಳೀಯ ಸಂಸ್ಥೆಗಳ ಗಮನಕ್ಕೆ

ಏರಿಯಾನ್-5 ರಾಕೆಟ್ಟಿನ ಪ್ರಕರಣವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕಾಗಿದೆ. 1996ರ ಜೂನ್ 4ರಂದು, ಹಾರಾಟ ಆರಂಭವಾಗಿ ಒಂದು ನಿಮಿಷವೂ ಕಳೆಯುವ ಮುನ್ನ ಅದು ನಾಶವಾಯಿತು. ಹಿಂದಿನ ಏರಿಯಾನ್-4ರಿಂದ ತಂದ ಮಾರ್ಗಸೂಚಕ ಘಟಕದಲ್ಲಿ, 64 ಬಿಟ್ ಗಾತ್ರದ ಸಂಖ್ಯೆಯೊಂದನ್ನು 16 ಬಿಟ್‌ಗೆ ಪರಿವರ್ತಿಸುವಾಗ ಅದು ಹಿಡಿಸಲಿಲ್ಲ. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ; ಹೊಸ ರಾಕೆಟ್ಟಿನ ಸಮತಲ ವೇಗ ಬಹಳ ಹೆಚ್ಚು. ಹೊಸ ಪಥದ ವಿವರಗಳನ್ನು ಘಟಕದ ನಿರ್ದಿಷ್ಟತೆಯಲ್ಲಿ ಸೇರಿಸಿರಲಿಲ್ಲವೆಂದೂ, ಇಡೀ ವ್ಯವಸ್ಥೆಯ ಸಿಮ್ಯುಲೇಶನ್ ನಡೆಸಿದಾಗ ನಿಜವಾದ ಘಟಕದ ಬದಲು ಅದನ್ನು ಅನುಕರಿಸುವ ತಂತ್ರಾಂಶವನ್ನು ಇರಿಸಲಾಗಿತ್ತೆಂದೂ ತನಿಖಾ ಮಂಡಳಿ ದಾಖಲಿಸಿದೆ. ದತ್ತ ಹಳೆಯದು, ಪರೀಕ್ಷೆಯಲ್ಲಿ ಕೂರಿಸಿದ ಮಾದರಿಗೆ ಆ ದೋಷವೇ ಇರಲಿಲ್ಲ.

ನಗರದ ನೀರು ಸರಬರಾಜು ಅಥವಾ ಒಳಚರಂಡಿ ಪಂಪುಗಳಿಗೆ ಸ್ವಯಂಚಾಲಿತ ನಿಯಂತ್ರಣ ಅಳವಡಿಸುವ ಸಂಸ್ಥೆಗಳು ಟೆಂಡರು ದಾಖಲೆಯಲ್ಲಿ ‘ಸಿಮ್ಯುಲೇಶನ್ ವರದಿ ಸಲ್ಲಿಸತಕ್ಕದ್ದು’ ಎಂದಷ್ಟೇ ಬರೆದರೆ ಚಿತ್ರಗಳಿರುವ ವರದಿಯೊಂದು ಬರುತ್ತದೆ, ಅಷ್ಟೆ. ಅದರ ಬದಲು ಸುರಕ್ಷತೆಯ ಸಾಧನೆಯು ಅವಲಂಬಿಸಿರುವ ದತ್ತಗಳ ಪಟ್ಟಿಯನ್ನು ಅಂಕಿಗಳ ಸಮೇತ ಕೇಳುವುದು ಉಚಿತ: ಗರಿಷ್ಠ ಹರಿವು ಎಷ್ಟೆಂದು ಗ್ರಹಿಸಲಾಗಿದೆ, ಎಷ್ಟು ಓದುಗಳು ತಪ್ಪಿದರೂ ನಡೆಯುತ್ತದೆ, ಕವಾಟ ಮುಚ್ಚಲು ಎಷ್ಟು ಸೆಕೆಂಡು ಎಂದು ಭಾವಿಸಲಾಗಿದೆ. ಪ್ರತಿಯೊಂದು ದತ್ತವನ್ನು ಯಾವ ಪ್ರಯೋಗದಲ್ಲಿ, ಯಾವ ಕಾಲಹೆಜ್ಜೆಯಲ್ಲಿ ಪರೀಕ್ಷಿಸಲಾಯಿತು ಎಂಬುದನ್ನೂ, ಕಾಲಹೆಜ್ಜೆಯನ್ನು ಅರ್ಧಕ್ಕೆ ಇಳಿಸಿದಾಗ ಫಲಿತಾಂಶ ಬದಲಾಯಿತೇ ಎಂಬುದನ್ನೂ ಕೇಳಬೇಕು. ಕೊನೆಯದು ಸಣ್ಣ ಪ್ರಶ್ನೆಯಂತೆ ಕಂಡರೂ ಬಹಳಷ್ಟು ವರದಿಗಳ ಗಟ್ಟಿತನ ಅದರಲ್ಲಿಯೇ ಬಯಲಾಗುತ್ತದೆ.

ಕಾಮಗಾರಿ ಮುಗಿದ ಮೇಲೆ ಮಾದರಿಯ ಕಡತಗಳು ಯಾರ ವಶದಲ್ಲಿರುತ್ತವೆ ಎಂಬುದನ್ನು ಒಪ್ಪಂದದಲ್ಲಿಯೇ ನಮೂದಿಸುವುದು ಅವಶ್ಯಕ. ಎಫ್‌ಎಂಯು ರೂಪದಲ್ಲಿ ಪಡೆದರೆ ಪೂರೈಕೆದಾರರ ಮೂಲ ಬರಹದ ಗೋಪ್ಯತೆಗೆ ಭಂಗವಿಲ್ಲ. ಆದರೆ ಅದನ್ನು ನಡೆಸಲು ಪ್ರತ್ಯೇಕ ಪರವಾನಗಿ ಬೇಕೇ, ಯಾವ ಗಣಕ ವ್ಯವಸ್ಥೆಯಲ್ಲಿ ನಡೆಯುತ್ತದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಐದಾರು ವರ್ಷಗಳ ನಂತರ ಸುಟ್ಟುಹೋದ ಮೋಟಾರಿನ ಜಾಗಕ್ಕೆ ಹೆಚ್ಚು ಅಶ್ವಶಕ್ತಿಯ ಮೋಟಾರು ಬಂದು ಕೂರುತ್ತದೆ. ಆ ದಿನ ನಿಯಂತ್ರಕದ ತಂತ್ರಾಂಶದಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ, ಅದರ ಪ್ರಮಾಣಪತ್ರವೂ ಕಡತದಲ್ಲಿಯೇ ಇರುತ್ತದೆ. ನಿಮಿಷಕ್ಕೆ 40 ಲೀಟರ್ ಎಂಬ ದತ್ತ ಮಾತ್ರ ಇರುವುದಿಲ್ಲ. ಹೊಸ ಮೋಟಾರಿನ ಅಂಕಿಗಳನ್ನು ಹಾಕಿ ಅದೇ ಪ್ರಯೋಗಗಳನ್ನು ಮತ್ತೆ ನಡೆಸಲು ಮಾದರಿಯು ಆಗ ಕೈಯಲ್ಲಿರಬೇಕು.